ಕಾಲು ಗಂಟೆಯ ಸುತ್ತು

ಎಲ್ಲಕ್ಕೂ ಕಾರಣ ಉಗುರಿನಷ್ಟು ಗಾತ್ರದ ಒಂದು ಕ್ಲಿಪ್ಪು. ಅದು ಮುರಿಯದೇ ಇದ್ದಿದ್ದರೆ ಆ ಸಂಜೆಯೊಳಗೆ ತಾನು ಕುರ್ಚಿಯ ಮೇಲೆ ಕೂತಿರುತ್ತಿದ್ದೆ ಎಂದು ನೀರಣ್ಣ ಈಗಲೂ ನಂಬಿದ್ದಾನೆ.

ನೀರಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಟ್ರಕ್ಕು ಮತ್ತು ಬಗ್ಗಿ ಎಂಬ ಹಗುರ ಗಾಡಿಗಳ ರೇಸು ನಡೆಯುವ ಮಣ್ಣಿನ ಮೈದಾನದಲ್ಲಿ ಅವನು ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ರೇಸು ಮುಗಿದು ಇನ್ನೊಂದು ಶುರುವಾಗುವ ನಡುವೆ ಟ್ರ್ಯಾಕಿಗೆ ನೀರು ಬಿಟ್ಟು ಧೂಳು ಅಡಗಿಸುವುದು ಅವನ ಕೆಲಸ. ಉಳಿದವರು ದಿಬ್ಬದಿಂದ ದಿಬ್ಬಕ್ಕೆ ಹಾರಿ, ತಿರುವಿನಲ್ಲಿ ಹಿಂಭಾಗ ಬೀಸಿಕೊಂಡು ಒಂದೇ ನಿಮಿಷದಲ್ಲಿ ಮುಗಿಸುವ ಸುತ್ತಿಗೆ ಅವನಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಇಳಿಯುತ್ತಿದ್ದ. ಕೂಸಿನ ಹಣೆ ಮುಟ್ಟಿ ಜ್ವರ ನೋಡುವವನಂತೆ ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡುತ್ತಿದ್ದ. ಅನುಮಾನ ಬಂದರೆ ಇನ್ನೊಮ್ಮೆ ಒತ್ತುತ್ತಿದ್ದ. ಅನುಮಾನ ಬಾರದ ತಿರುವೇ ಇರಲಿಲ್ಲ.

"ಸ್ವಲ್ಪ ಬೇಗ ಆಗಲ್ವೇನಯ್ಯಾ?" ಎಂದು ಮೈದಾನದ ಯಜಮಾನರು ವಾರಕ್ಕೊಮ್ಮೆ ಕೇಳುತ್ತಿದ್ದರು.

"ಈ ಗಾಡಿ ಇದಕ್ಕಿಂತ ಬೇಗ ಹೋಗಲ್ಲ ಸಾರ್. ಒಂದು ಸುತ್ತಿಗೆ ಕಾಲು ಗಂಟೆ ಬೇಕೇ ಬೇಕು."

ಆರು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಆರು ವರ್ಷದಿಂದ ಅವನ ಪ್ಯಾಂಟಿನ ಕೆಳಗಿನ ಅರ್ಧ ಒಣಗಿದ್ದನ್ನು ಹೆಂಡತಿ ಕಂಡಿರಲಿಲ್ಲ. ಹೋದ ತಿಂಗಳು ಟೈಮಿಂಗ್ ಶೆಡ್ಡಿನ ಗುಮಾಸ್ತ ಕೆಲಸ ಬಿಟ್ಟಾಗ ನೀರಣ್ಣನ ಎದೆಯಲ್ಲಿ ಒಂದು ಆಸೆ ಮೊಳೆಯಿತು. ಅಲ್ಲಿ ಮೇಲೊಂದು ಸೂರು, ಸೂರಿನಲ್ಲೊಂದು ಫ್ಯಾನು, ಫ್ಯಾನಿನ ಕೆಳಗೆ ಚಕ್ರವಿರುವ ಕುರ್ಚಿ. ಕೂತು ಕಂಪ್ಯೂಟರ್ ನೋಡುತ್ತ, ಯಾರು ಎಷ್ಟು ಸುತ್ತು ಮುಗಿಸಿದರೆಂದು ಮೈಕಿನಲ್ಲಿ ಹೇಳಿದರಾಯಿತು. ಆ ಕುರ್ಚಿ ತನಗೆ ಕೊಡಿ ಎಂದು ಯಜಮಾನರನ್ನು ಕೇಳಿಯೂ ಇದ್ದ.

ಅಂದು ಬೆಳಿಗ್ಗೆ ಯಜಮಾನರು ಹೇಳಿದ್ದರು: "ಫೈನಲ್ ಮುಗಿದ ಮೇಲೆ ಕುರ್ಚಿ ವಿಷಯ ತೀರ್ಮಾನ ಮಾಡ್ತೀನಿ. ಇವತ್ತು ಒಂದೇ ಒಂದು ಎಡವಟ್ಟು ಆಗ್ಬಾರ್ದು, ತಿಳೀತಾ? ಹಾಂ, ನಿಧಾನ ಹೋಗೋ ಗಾಡಿ ಹಿಂದೆ ಕೆಂಪು ಬಟ್ಟೆ ಇರ್ಬೇಕು ಅಂತ ನಿಯಮ ಇದೆ. ನಿನ್ನದರ ಹಿಂದೆ ಎಲ್ಲಿದೆ?"

ನೀರಣ್ಣ ಹುಡುಕಲು ಓಡಿದ. ಮೈದಾನವೆಲ್ಲ ಹುಡುಕಿದರೂ ಸಿಕ್ಕ ಕೆಂಪು ಬಟ್ಟೆ ಒಂದೇ: ಅಪಾಯವಾದಾಗ ರೇಸು ನಿಲ್ಲಿಸಲು ಬಾವುಟದವನು ಬೀಸುವ ಕೆಂಪು ಬಾವುಟ. ಬಾವುಟದವನು ಟೀ ಕುಡಿಯಲು ಹೋಗಿದ್ದ. ಕೇಳದೆ ತೆಗೆದುಕೊಳ್ಳುವುದು ನೀರಣ್ಣನ ಜಾಯಮಾನವಲ್ಲ. ಐದು ನಿಮಿಷ ಕಾದ. ಕೊನೆಗೆ ಒಂದು ಚೀಟಿ ಬರೆದ: 'ಕೆಂಪು ಬಾವುಟ ನನ್ನ ಬಳಿ ಇದೆ. ಫೈನಲ್ ಶುರುವಾಗುವ ಮೊದಲು ಖಂಡಿತ ತಂದುಕೊಡುತ್ತೇನೆ. ಕ್ಷಮೆಯಿರಲಿ.' ಕೆಳಗೆ ಸಹಿ ಮಾಡಿದ. ಸಹಿ ಸ್ಪಷ್ಟವಾಗಿಲ್ಲ ಅನಿಸಿ ಪಕ್ಕದಲ್ಲಿ ಇನ್ನೊಂದು ಮಾಡಿದ. ಚೀಟಿಯನ್ನು ಬಾವುಟಗಳ ಬುಟ್ಟಿಯ ತಳದಲ್ಲಿಟ್ಟು, ಬಾವುಟವನ್ನು ಟ್ಯಾಂಕರಿನ ಹಿಂದೆ ಬಿಗಿಯಾಗಿ ಕಟ್ಟಿದ.

ಫೈನಲ್ಲಿಗೆ ಮುಂಚೆ ಕೊನೆಯ ಸುತ್ತು ನೀರು ಬಿಡಲು ಹೊರಟಾಗ ಭಾವಮೈದ ಓಡಿಬಂದ. ಹೆಂಡತಿಯ ತಮ್ಮ, ಇಪ್ಪತ್ತೇಳನೇ ನಂಬರಿನ ಟ್ರಕ್ಕಿನ ಚಾಲಕ. ಇದುವರೆಗೆ ಯಾವ ರೇಸನ್ನೂ ಗೆದ್ದವನಲ್ಲ. ಮಾತಿನಲ್ಲಿ ಮಾತ್ರ ಸೋತವನೂ ಅಲ್ಲ.

"ಭಾವ, ಭಾವ! ಚಿಪ್ಪಿನ ಕ್ಲಿಪ್ಪು ಮುರಿದೋಯ್ತು. ಶೆಡ್ಡಲ್ಲಿ ಹೊಸದು ಹಾಕಿಸ್ಕೊಂಡು ಬನ್ನಿ. ನಾನು ಹೆಲ್ಮೆಟ್ ಹಾಕ್ಕೊಳ್ಬೇಕು."

ಚಿಪ್ಪೆಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಪ್ರತಿ ಗಾಡಿಗೂ ಒಂದು. ಗೆಲುವಿನ ಗೆರೆಯ ಕೆಳಗೆ ಮಣ್ಣಿನಲ್ಲಿ ಹೂತ ತಂತಿಯ ಮೇಲೆ ಅದು ಹಾದಾಗಲೆಲ್ಲ ಶೆಡ್ಡಿನ ಕಂಪ್ಯೂಟರ್ ಆ ನಂಬರಿಗೆ ಒಂದು ಸುತ್ತು ಬರೆದುಕೊಳ್ಳುತ್ತದೆ.

"ನೀರು ಬಿಟ್ಟು ಬಂದು ಹಾಕಿಸ್ತೀನಿ ಕಣಪ್ಪ," ಎಂದು ನೀರಣ್ಣ ಚಿಪ್ಪನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿದ. ಬಿದ್ದುಹೋದರೆ ಎಂಬ ಭಯಕ್ಕೆ ಗುಂಡಿ ಎಳೆದು ನೋಡಿದ. ಪಕ್ಕದ ಗೇಟಿನಿಂದ ಒಳಹೋಗಿ, ನಿಯಮದಂತೆ ಇಳಿದು, ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮೊದಲ ತಿರುವಿನ ಬೇಲಿಯಾಚೆ ಕ್ಯಾಂಟೀನಿನ ಅಕ್ಕ ಸೌಟು ಹಿಡಿದು ಕಾದಿದ್ದಳು. "ಬೆಳಗಿಂದ ನನ್ನ ಟೀ ಮೇಲೆ ಧೂಳು ಕೆನೆ ಕಟ್ಟಿದ ಹಾಗೆ ಕಟ್ತಿದೆ ನೀರಣ್ಣ! ಇಲ್ಲಿ ಇನ್ನೊಂದು ಸಲ ಬಿಡಪ್ಪ." ಬಿಟ್ಟ.

ದೊಡ್ಡ ದಿಬ್ಬದ ಹಿಂದೆ ಗಾಡಿ ರಿಪೇರಿಯ ಇಬ್ಬರು ಮೇಸ್ತ್ರಿಗಳು ಬೇಲಿ ಹಾರಿ ಬಂದು ಟ್ಯಾಂಕರ್ ಅಡ್ಡಗಟ್ಟಿದರು.

"ಇಲ್ಲಿ ಚೆನ್ನಾಗಿ ನೀರು ಬಿಡು," ಎಂದ ಟ್ರಕ್ಕುಗಳ ಮೇಸ್ತ್ರಿ. "ನಮ್ಮ ಟೈರು ಕಚ್ಚೋದೇ ಒದ್ದೆ ಮಣ್ಣಲ್ಲಿ."

"ಒಂದು ಹನಿ ಬಿದ್ರೂ ನೋಡು!" ಎಂದ ಬಗ್ಗಿಗಳ ಮೇಸ್ತ್ರಿ. "ನಮ್ಮ ಬಗ್ಗಿ ಹಗುರ. ಒದ್ದೆಯಲ್ಲಿ ಸೋಪಿನ ಹಾಗೆ ಜಾರಿಹೋಗತ್ತೆ."

"ನಿಮ್ಮ ಬಗ್ಗಿ ಜಾರೋದು ಓಡ್ಸೋನಿಂದ ಕಣಯ್ಯಾ, ನೀರಿಂದಲ್ಲ."

"ನಿಮ್ಮದು ಟ್ರಕ್ಕಾ? ಬೀರುವಿಗೆ ಚಕ್ರ ಹಚ್ಚಿದ ಹಾಗಿದೆ!"

"ಅಣ್ಣಂದಿರಾ, ಅರ್ಧಕ್ಕೆ ಬಿಡ್ತೀನಿ, ಅರ್ಧ ಬೇಡ, ಆಗ್ಬಹುದಾ?" ಎಂದು ನೀರಣ್ಣ ಕೈ ಜೋಡಿಸಿದ. ಯಾವ ಅರ್ಧ ಎಂಬುದಕ್ಕೆ ಹೊಸ ಜಗಳ ಶುರುವಾಯಿತು. ಅವನು ಗಡಿಯಾರ ನೋಡಿದ. ಹದಿನೈದು ನಿಮಿಷ ದಾಟಿತ್ತು.

ಅತ್ತ ಗೆರೆಯ ಬಳಿಯ ಶೆಡ್ಡಿನಿಂದಲೇ ಯಜಮಾನರು ಬಾವುಟದವನಿಗೆ ಕೂಗಿದರು, "ಕಾಲು ಗಂಟೆ ಆಯ್ತಲ್ಲ, ಬಿಡಯ್ಯಾ ರೇಸು!" ದಿಬ್ಬದ ಹಿಂದಿದ್ದ ಟ್ಯಾಂಕರ್ ಬಾವುಟದವನಿಗೆ ಕಾಣಲಿಲ್ಲ. ಆರು ವರ್ಷದಲ್ಲಿ ನೀರಣ್ಣನ ಸುತ್ತು ಒಂದು ನಿಮಿಷವೂ ಹೆಚ್ಚು ಹಿಡಿದಿರಲಿಲ್ಲ. ಬಾವುಟದವನು ಹಸಿರು ಬಾವುಟ ಬೀಸಿದ.

ನೆಲ ನಡುಗಿತು. ಮೇಸ್ತ್ರಿಗಳಿಬ್ಬರೂ ಜಗಳ ಮರೆತು ಒಬ್ಬರ ಕೈ ಒಬ್ಬರು ಹಿಡಿದು ಬೇಲಿ ಹಾರಿದರು. ದಿಬ್ಬದ ನೆತ್ತಿಯ ಮೇಲೆ ಮೊದಲ ಟ್ರಕ್ಕು ಆಕಾಶದಲ್ಲಿ ಕಾಣಿಸಿತು.

ಹೊರಹೋಗಲು ಇದ್ದದ್ದು ಅವನು ಒಳಬಂದ ಅದೇ ಗೇಟು, ಸುತ್ತಿನ ಕೊನೆಯಲ್ಲಿ. ನೀರಣ್ಣ ಕಣ್ಣು ಅರ್ಧ ಮುಚ್ಚಿ ಆಕ್ಸಿಲರೇಟರ್ ತುಳಿದ. ಆರು ವರ್ಷ ಎತ್ತಿನಂತೆ ನಡೆದಿದ್ದ ಟ್ಯಾಂಕರ್ ಬಾಲಕ್ಕೆ ಡಬ್ಬ ಕಟ್ಟಿದ ನಾಯಿಯಂತೆ ಓಡಿತು. ನೀರಿನ ತಿರುಪು ಮುಚ್ಚುವುದು ನೆನಪಾಗಲಿಲ್ಲ. ಕೆಸರು ಎರಚಿ ಕನ್ನಡಿಗಳೆರಡೂ ಕುರುಡಾದವು. ಗೇಟು ಬಂತು, ಬೀಗ ಹಾಕಿತ್ತು. ಬೀಗದ ಕೈ ಸೊಂಟದಲ್ಲೇ ಇತ್ತು. ಇಳಿದು ತೆಗೆಯೋಣವೆಂದರೆ ಹಿಂದೆ ಗಡಗಡ ಸದ್ದು. ನಿಲ್ಲಿಸಿದರೆ ಹತ್ತು ಗಾಡಿಗಳು ತನ್ನ ಮೇಲೆ ಹತ್ತುತ್ತವೆ ಎಂದುಕೊಂಡು ಮತ್ತೊಂದು ಸುತ್ತಿಗೆ ತಿರುಗಿಸಿದ.

ನಿಜ ಹೇಳಬೇಕೆಂದರೆ ಹಿಂದೆ ಯಾರೂ ಇರಲಿಲ್ಲ. ದಿಬ್ಬ ಹಾರಿದ ಚಾಲಕರ ಕಣ್ಣಿಗೆ ಮೊದಲು ಬಿದ್ದದ್ದೇ ಟ್ಯಾಂಕರಿನ ಬಾಲದಲ್ಲಿ ಪಟಪಟ ಹಾರುತ್ತಿದ್ದ ಕೆಂಪು ಬಾವುಟ. ಕೆಂಪು ಕಂಡರೆ ಇದ್ದಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಒಂದು ವರ್ಷ ರೇಸಿನಿಂದ ಹೊರಗೆ. ಎಲ್ಲರೂ ಟ್ರ್ಯಾಕಿನ ಅಂಚಿಗೆ ಸರಿದು, ಎಂಜಿನ್ ಆರಿಸಿ, ಕೈಕಟ್ಟಿ ಕೂತರು. ನೀರಣ್ಣನನ್ನು ಅಟ್ಟಿಸಿಕೊಂಡು ಬರುತ್ತಿದ್ದದ್ದು ಅವನದೇ ಖಾಲಿಯಾಗುತ್ತಿದ್ದ ತೊಟ್ಟಿಯ ಸದ್ದು. ಅಂಚಿನಲ್ಲಿ ನಿಂತವರ ಪಕ್ಕದಲ್ಲೇ ಹಾದುಹೋಗುವಾಗಲೂ, ಇವರು ಕೆಟ್ಟು ನಿಂತವರು, ಓಡುತ್ತಿರುವವರು ಇನ್ನೂ ಹಿಂದಿದ್ದಾರೆ ಎಂದೇ ಅವನು ತಿಳಿದ.

ಟ್ಯಾಂಕರನ್ನು ನಿಲ್ಲಿಸಲು ಬಾವುಟದವನು ಬುಟ್ಟಿಗೆ ಕೈ ಹಾಕಿದ. ಕೆಂಪು ಬಾವುಟದ ಬದಲು ಎರಡು ಸಹಿಯ ಚೀಟಿ ಸಿಕ್ಕಿತು.

ಅಷ್ಟರಲ್ಲಿ ಮೈಕು ಮಾತಾಡಿತು. ಚಿಪ್ಪಿಲ್ಲದ ಗಾಡಿಯನ್ನು ಬಿಡುವುದಿಲ್ಲವೆಂದು ಭಾವಮೈದನನ್ನು ಗೆರೆಯಿಂದ ಆಚೆ ಕಳಿಸಿದ್ದರು. ಜಗಳಕ್ಕೆಂದು ಶೆಡ್ಡಿಗೆ ಬಂದವನು ಚಕ್ರದ ಕುರ್ಚಿಯಲ್ಲಿ ಕೂತಿದ್ದ. ಯಜಮಾನರು ಹೊರಗೋಡಿದ್ದರು. ಎದುರಿನ ಪರದೆಯ ಮೇಲೆ ತನ್ನ ನಂಬರು ಕಂಡದ್ದೇ ತಡ, ಅವನು ಮೈಕು ಹಿಡಿದ.

"ಇಪ್ಪತ್ತೇಳನೇ ನಂಬರ್ ಮುಂದಿದೆ! ಎರಡನೇ ಸುತ್ತು! ಹತ್ತಿರ ಯಾರೂ ಇಲ್ಲ! ಏನು ಓಟ, ಏನು ಓಟ!"

ಜನ ಎದ್ದು ನಿಂತು ಕೇಕೆ ಹಾಕಿದರು. ಆ ಕೇಕೆ ನೀರಣ್ಣನಿಗೆ ಸಾವಿನ ಕೂಗಿನಂತೆ ಕೇಳಿಸಿತು. ಇನ್ನೂ ಜೋರಾಗಿ ತುಳಿದ. ಮೂರು. ನಾಲ್ಕು. ಐದು. ಫೈನಲ್ಲಿಗೆ ಆರೇ ಸುತ್ತು. ಆರನೆಯದು ಮುಗಿದಾಗ ಏನು ಮಾಡುವುದೆಂದು ತಿಳಿಯದೆ ಬಾವುಟದವನು ಅಭ್ಯಾಸಬಲದಿಂದ ಕಪ್ಪುಬಿಳಿ ಚೌಕದ ಬಾವುಟ ಬೀಸಿಬಿಟ್ಟ. ರೇಸು ಮುಗಿಯಿತು, ಜೀವ ಉಳಿಯಿತು ಎಂದು ನೀರಣ್ಣ ಬ್ರೇಕು ಒತ್ತಿದ.

ಇಳಿದು ಹಿಂದೆ ನೋಡಿದ. ದೂರದ ಅಂಚಿನಲ್ಲಿ ಹತ್ತು ಗಾಡಿಗಳು. ಒಬ್ಬ ಚಾಲಕ ಬಾನೆಟ್ಟಿನ ಮೇಲೆ ಮಲಗಿದ್ದ. 

ಯಜಮಾನರು ಕೈಯಲ್ಲಿ ಕಂಪ್ಯೂಟರಿನ ಕಾಗದ ಹಿಡಿದು ಬಂದರು. ಅವರು ಬಾಯಿ ತೆರೆಯುವ ಮೊದಲೇ ನೀರಣ್ಣ ಎಲ್ಲವನ್ನೂ ಒಪ್ಪಿಸಿದ. ಜೇಬಿನ ಗುಂಡಿ ಬಿಚ್ಚಿ ಚಿಪ್ಪು ಕೊಟ್ಟ, ಬಾವುಟ ಬಿಚ್ಚಿ ಮಡಚಿಕೊಟ್ಟ, ತಿರುಪು ಮುಚ್ಚದೇ ಇದ್ದದ್ದನ್ನು ಹೇಳಿದ, ಕ್ಯಾಂಟೀನಿನ ಬಳಿ ಎರಡು ಸಲ ನೀರು ಬಿಟ್ಟದ್ದನ್ನೂ ಬಿಡಲಿಲ್ಲ.

ಯಜಮಾನರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ಕಂಡು ನೀರಣ್ಣನಿಗೆ ಆಸೆ ಚಿಗುರಿತು.

"ಇಷ್ಟು ನಿಯತ್ತಿನ ಮನುಷ್ಯನ್ನ ನಾನು ನೋಡಿಲ್ಲ," ಎಂದರು ಯಜಮಾನರು. "ನಿನ್ನ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ."

"ಹಾಗಾದ್ರೆ ಸಾರ್... ಕುರ್ಚಿ?"

"ಅದಿರ್ಲಿ. ಇದನ್ನ ಓದು." ಕಾಗದ ಅವನ ಮೂಗಿನ ಹತ್ತಿರ ಬಂತು. "ಇಪ್ಪತ್ತೇಳನೇ ನಂಬರ್. ಆರು ಸುತ್ತು. ಒಟ್ಟು ಹದಿನೈದು ನಿಮಿಷ. ಅಂದ್ರೆ ಎಷ್ಟು?"

"ಕಾಲು ಗಂಟೆ ಸಾರ್," ಎಂದ ನೀರಣ್ಣ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದದ್ದು ಹೊಳೆಯಿತು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ನೋಡು. ಇನ್ನು ಮೇಲೆ ಪ್ರತಿ ಬಿಡುವಿನಲ್ಲೂ ಆರು ಸುತ್ತು ನೀರು. ಹೆಬ್ಬೆರಳಿಗೆ ರಜೆ. ಈ ಚಿಪ್ಪು ನಿನ್ನ ಜೇಬಲ್ಲೇ ಇರ್ಲಿ, ಲೆಕ್ಕಕ್ಕೆ ಅನುಕೂಲ."

"ಮತ್ತೆ ಶೆಡ್ಡಿಗೆ...?"

"ಅಲ್ಲಿಗೆ ಒಂದೇ ಕಡೆ ಕೂರೋರು ಬೇಕಪ್ಪ. ಆಗ್ಲೇ ಸಿಕ್ಕಿದ್ದಾನೆ. ಗಂಟಲೂ ಚೆನ್ನಾಗಿದೆ."

ನೀರಣ್ಣ ತಲೆ ಎತ್ತಿ ಶೆಡ್ಡಿನ ಕಡೆ ನೋಡಿದ. ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಕೆಳಗೆ ಕುರ್ಚಿಯೂ ನಿಧಾನವಾಗಿ ತಿರುಗುತ್ತಿತ್ತು. ಮೈಕು ಒಮ್ಮೆ ಕೆಮ್ಮಿತು.

"ಫೈನಲ್ ಮತ್ತೆ ನಡೆಯುತ್ತದೆ. ಟ್ಯಾಂಕರ್ ಚಾಲಕರು ಕೂಡಲೇ ತೊಟ್ಟಿ ತುಂಬಿಸಿಕೊಂಡು ಬರಬೇಕಾಗಿ ವಿನಂತಿ..." ಸ್ವಲ್ಪ ತಡೆದು ಭಾವಮೈದನ ದನಿ ಮೃದುವಾಯಿತು. "ಭಾವ, ನಿಮಗೇ ಹೇಳ್ತಿರೋದು. ಸ್ವಲ್ಪ ಬೇಗ ಆಗಲ್ವಾ?"