ಮಾವನ ಎಡಗಾಲು

ನಮ್ಮ ಮಾವನ ಎಡಗಾಲಿಗೆ ಇರುವಷ್ಟು ಬುದ್ಧಿ ನನ್ನ ತಲೆಗಿಲ್ಲ ಎಂದು ಬರೆದರೆ ಎಲ್ಲರೂ ನಗುತ್ತಾರೆ. ನನ್ನ ಹೆಂಡತಿ ಮಾತ್ರ ನಗುವುದಿಲ್ಲ, ಅವಳು ಒಪ್ಪುತ್ತಾಳೆ. ಅವಳ ಅಪ್ಪನ ಕಾಲಲ್ಲವೇ!

ಈ ಮಾವ ನನ್ನ ಅವ್ವನ ತಮ್ಮ, ಹೆಂಡತಿಯ ಅಪ್ಪ. ಎರಡೂ ಕಡೆಯಿಂದ ಮಾವನಾದ್ದರಿಂದ ಬೈಯುವ ಹಕ್ಕೂ ದುಪ್ಪಟ್ಟು. ಪುಣೆಯ ಖಡಕಿಯಲ್ಲಿ ನಾವಿಬ್ಬರೂ ಸೇರಿ ಗ್ಯಾರೇಜ್ ನಡೆಸುತ್ತೇವೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಇಪ್ಪತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಕಲಿತಿದ್ದೇನೆ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. (ಅಂಗಾತ ಮಲಗಿದವನು ತಗ್ಗಿಸುವುದಾದರೂ ಹೇಗೆ?) ಆದರೆ ಆ ಎಡಗಾಲಿನ ಮುಂದೆ ನಾನು ಇಂದಿಗೂ ಒಂದನೆಯ ತರಗತಿ.

ಕ್ಲಚ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ಮಾವ ಬಾನೆಟ್ ತೆಗೆಯುವುದಿಲ್ಲ. ಎಡಗಾಲಿನ ಚಪ್ಪಲಿ ಬಿಡುತ್ತಾರೆ. ಅಂಗಾಲನ್ನು ಪ್ಯಾಂಟಿಗೆ ಒರೆಸಿ, ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ ಪೆಡಲ್ ಒತ್ತುತ್ತಾರೆ. ಕಿವಿಗಿಟ್ಟ ಫೋನಿನಲ್ಲಿ ದೂರದವರ ಮಾತು ಕೇಳುವವರ ಹಾಗೆ ಮುಖ ಮಾಡಿಕೊಂಡು ಒಂದು ನಿಮಿಷ ಕೂರುತ್ತಾರೆ. ಆಮೇಲೆ ತೀರ್ಪು: "ಪ್ಲೇಟ್ ಸವದಾವು." ಅಥವಾ "ಕೇಬಲ್ ಹರೀಲಿಕ್ಕ ಬಂದದ, ಬುಧವಾರತನಕ ನಡೀತದ." ಒಬ್ಬರು ನಂಬದೆ ಹೋದರು. ಬುಧವಾರ ಯೆರವಡಾದಿಂದ ಫೋನ್ ಬಂತು. ಗಾಡಿ ಜೈಲಿನ ಗೇಟಿನ ಎದುರಿಗೇ ನಿಂತುಬಿಟ್ಟಿತ್ತು. ಪೊಲೀಸರು ಏನೇನು ಕೇಳಿದರೋ ಪಾಪ.

ಈ ವಿದ್ಯೆ ಅವರಿಗೆ ಯಾವ ಗುರು ಕಲಿಸಿದ ಎಂದುಕೊಂಡಿರಿ? ಮರಾಠಿ ಬಾರದಿದ್ದುದೇ ಕಲಿಸಿತು. ಇಂಡಿ ಕಡೆಯಿಂದ ಪುಣೆಗೆ ಬಂದ ಹೊಸದರಲ್ಲಿ ಗಿರಾಕಿಯೊಬ್ಬ "ಕಾಲ್‌ಪಾಸೂನ್ ಕ್ಲಚ್ ಘಸರತೋಯ್" ಅಂದನಂತೆ. ನಿನ್ನೆಯಿಂದ ಕ್ಲಚ್ ಜಾರುತ್ತಿದೆ ಎಂದು ಅದರ ಅರ್ಥ. ಮರಾಠಿಯಲ್ಲಿ 'ಕಾಲ್' ಎಂದರೆ ನಿನ್ನೆ. ಮಾವನಿಗೆ ತಿಳಿದದ್ದು ಎರಡೇ ಶಬ್ದ: ಕಾಲು, ಕ್ಲಚ್. ಪುಣೆಯವರು ಭಾಳ ಮಡಿಯ ಮಂದಿ, ಚಪ್ಪಲಿ ಕಾಲು ಬೇಡ ಅನ್ನುತ್ತಿರಬೇಕು ಎಂದುಕೊಂಡು ಚಪ್ಪಲಿ ಬಿಟ್ಟು ಪೆಡಲ್ ಒತ್ತಿದರು. ಒತ್ತಿದೊಡನೆ ಇಡೀ ಗಾಡಿಯೇ ಅಂಗಾಲಿಗೆ ಬಂದು ತನ್ನ ಕಷ್ಟ ಹೇಳಿಕೊಂಡಿತಂತೆ. ಆವತ್ತಿನಿಂದ ಕ್ಲಚ್ ಎಂದರೆ ಚಪ್ಪಲಿ ಬಿಟ್ಟದ್ದೇ.

ಆ ಕಾಲಿನ ಮೇಲೆ ಅವರಿಗಿದ್ದ ಅಭಿಮಾನವೋ ಅಭಿಮಾನ! ನೆಂಟರೊಬ್ಬರು ಹಿಂಜವಾಡಿಯ ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಕರೆದಿದ್ದರು. ಮಾವ ಹೊಸ್ತಿಲು ದಾಟಿದ್ದು ಎಡಗಾಲು ಮುಂದಿಟ್ಟು. ಮನೆಯಾಕೆ ಆರತಿ ತಟ್ಟೆ ಹಿಡಿದವಳು ಹಾಗೆಯೇ ನಿಂತಳು.

"ಮಾಮಾ, ಬಲಗಾಲ ಇಡ್ರಿ."

"ಬಲಗಾಲಿಗೆ ಏನ್ ಬರ್ತದವಾ? ಬರೇ ಸೊಕ್ಕು. ಎಕ್ಸಲೇಟರ್ ಒತ್ತತದ, ಇಲ್ಲಂದ್ರ ಬ್ರೇಕ್. ಗಾಡಿ ಸಮಾಧಾನಲೇ ಹೊಂಡೂದು ಎಡಗಾಲಿನ ಮ್ಯಾಲ. ನಿಮ್ಮ ಸಂಸಾರನೂ ಸಮಾಧಾನಲೇ ಹೊಂಡ್ಲಿ."

ಆ ದಂಪತಿ ಇವತ್ತಿನವರೆಗೆ ಜಗಳವಾಡಿದ್ದನ್ನು ಯಾರೂ ಕೇಳಿಲ್ಲ. ಹೀಗಿರುವಾಗ ನಾನೇನು ವಾದ ಮಾಡಲಿ?

ಕಳೆದ ವರ್ಷ ಒಂದು ಸಂಜೆ ಮಾವ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಎಡಗಾಲಿನದು ಇಲ್ಲ. "ಎಲ್ಲಿ ಬಿಟ್ರಿ?" ಎಂದರೆ ಕೆಳಗೆ ನೋಡಿಕೊಂಡು, "ಇಲ್ಲೇ ಇತ್ತಲ್ಲ" ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಡತಿ ನಗಲಿಲ್ಲ. ಅಪ್ಪನಿಗೆ ಶುಗರ್ ಇರುವುದು ನಮಗೆ ಗೊತ್ತೇ ಇತ್ತು. ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ಏನೆಂದರು ಎಂದು ಕೇಳಿದರೆ ಮಾವ, "ಸಿಹಿ ತಿನಬ್ಯಾಡ್ರಿ ಅಂದ್ರು" ಎಂದು ಮಾತು ಮುಗಿಸಿದರು. ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು.

ಅದಾಗಿ ತಿಂಗಳೊಳಗೆ ಆ ಹಳದಿ ಕಾರು ಬಂತು. ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು, ಇಂಜಿನ್ನಿನ ಸದ್ದಿಗೆ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು ನಡುಗುತ್ತಿದ್ದವು. ಇಂಥ ಗಾಡಿ ನಮ್ಮ ಗ್ಯಾರೇಜಿನ ಒಳಗೆ ಬಂದದ್ದು ಅದೇ ಮೊದಲು. ಓಡಿಸುತ್ತಿದ್ದವಳು ಬೆಂಗಳೂರಿನ ಹುಡುಗಿ, ಹಿಂಜವಾಡಿಯ ಐಟಿ ಕಂಪನಿಯೊಂದರಲ್ಲಿ ಇಂಜಿನಿಯರ್.

"ಸರ್, ಟ್ರಾಫಿಕ್‌ನಲ್ಲಿ ಬಿಸಿ ಆದ್ಮೇಲೆ ಗೇರೇ ಬೀಳಲ್ಲ. ಕ್ಲಚ್ ಪೂರ್ತಿ ಚೇಂಜ್ ಮಾಡ್ಬೇಕು, ಪಾರ್ಟ್ಸ್ ಫಾರಿನ್‌ನಿಂದ ಬರ್ಬೇಕು ಅಂತ ಎಲ್ರೂ ಹೇಳ್ತಿದಾರೆ. ಇಲ್ಲೊಬ್ರು ಕಾಲಲ್ಲೇ ಕಂಡುಹಿಡೀತಾರಂತಲ್ಲ, ನಿಜಾನಾ?"

ಮಾವ ಚಪ್ಪಲಿ ಬಿಟ್ಟರು. ಗ್ಯಾರೇಜಿನ ಮಂದಿಯೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಅವರು ಕೂತರು, ಕಣ್ಣು ಮುಚ್ಚಿದರು, ಒತ್ತಿದರು. ಒಂದು ನಿಮಿಷವಾಯಿತು. ಎರಡಾಯಿತು. ಮತ್ತೆ ಒತ್ತಿದರು. ಆಮೇಲೆ ಕಣ್ಣು ತೆರೆದು, ತಮ್ಮ ಕಾಲು ಅಲ್ಲಿದೆಯೋ ಇಲ್ಲವೋ ಎಂಬಂತೆ ಬಗ್ಗಿ ನೋಡಿದರು.

ಆಗ ನನಗೆ ತಿಳಿಯಿತು. ಡಾಕ್ಟರು ಹೇಳಿದ್ದು ಸಿಹಿಯ ಮಾತು ಮಾತ್ರ ಆಗಿರಲಿಲ್ಲ.

"ಎಲ್ಲಾರೂ ಚಾ ಕುಡದ ಬರ್ರಿ" ಅಂದರು ಮಾವ. "ಈ ಕಾರಿನ ಬಾಯಾರನ್ನೂ ಕರಕೊಂಡ ಹೋಗ್ರಿ. ಅಳಿಯದೇವರು ಇಲ್ಲೇ ಇರ್ಲಿ."

ಎಲ್ಲರೂ ಹೊರಗೆ ಹೋದ ಮೇಲೆ ನಾನೇ ಬಾಯಿ ಬಿಟ್ಟೆ. "ಮಾಮಾ, ಪ್ಲೇಟ್ ಸುಟ್ಟಿರಬೇಕು. ಗೇರ್‌ಬಾಕ್ಸ್ ಇಳಸೂಣು."

"ಒಬ್ಬರ ಮಾತ ಕೇಳಿ ಇನ್ನೊಬ್ಬರ ಹೊಟ್ಟಿ ಕೊಯ್ಯಬ್ಯಾಡ. ಬೂಟ್ ಬಿಚ್ಚು, ಕೂಡು. ಬಿಸಿ ಇಳಿಯೂದ್ರಾಗ ನೋಡಬೇಕು."

ಕುಳಿತು ಪೆಡಲ್ ಒತ್ತಿದೆ. ಮಾವ ಬಾಗಿಲ ಬಳಿ ಮೊಣಕಾಲೂರಿ, ಒಳಗೆ ಕೈಚಾಚಿ, ನನ್ನ ಕಾಲಿನ ಮೇಲೆ ಅಂಗೈ ಇಟ್ಟರು. ನಾನು ಬೆಂಕಿ ತಾಗಿದವನಂತೆ ಕಾಲೆಳೆದುಕೊಂಡೆ.

"ನೀವ್ ನನ್ನ ಕಾಲ ಮುಟ್ಟೂದೇನ್ರಿ ಮಾಮಾ!"

"ಮದುವ್ಯಾಗ ಮಂದಿ ಎದುರಿಗೇ ತೊಳದೇನಿ. ಆವಾಗ ನಾಚ್ಕಿ ಬರ್ಲಿಲ್ಲ ನಿನಗ? ಒತ್ತು. ಒತ್ತಿ ಹಿಡಿ, ಅಲುಗಾಡಬ್ಯಾಡ. ಏನಾಗಲಿಕ್ಕತ್ತದ?"

"ಏನಿಲ್ರಿ."

"ನಿನಗ ಏನಿಲ್ಲ. ನಿನ್ನ ಕಾಲ ಹೆಬ್ಬಟ್ಟು ಕೆಳಗ ಹೊಂಟದ ನೋಡು."

ನೋಡಿದರೆ ಹೌದು. ನಾನು ಹೆಚ್ಚು ಒತ್ತದೆಯೇ ಪೆಡಲ್ ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ತಾನಾಗಿಯೇ ಕೆಳಗಿಳಿಯುತ್ತಿತ್ತು.

"ಪ್ಲೇಟ್ ಹೋಗಿದ್ರ ಇಂಜಿನ್ ಒದರ್ತಿತ್ತು, ಗಾಡಿ ಓಡ್ತಿದ್ದಿಲ್ಲ. ಇದು ಒತ್ತಿದ್ದನ್ನ ಹಿಡಕೊಳ್ಳೋಂಗಿಲ್ಲ. ಒಳಗಿನ ರಬ್ಬರ್ ಸವದು ಎಣ್ಣಿ ಹಿಂದಕ್ಕ ಜಾರಲಿಕ್ಕತ್ತದ. ಅಷ್ಟ."

ಅಷ್ಟೇ ಆಗಿತ್ತು. ಆ ರಬ್ಬರು ಬದಲಿಸಿ, ಹೊಸ ಎಣ್ಣೆ ತುಂಬಿ, ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದೆವು. ಕಾರು ಹಿಂಜವಾಡಿಯ ಸಂಜೆಯ ಟ್ರಾಫಿಕ್ಕಿಗೆ ಹೋಗಿ ಮರುದಿನ ನಗುತ್ತ ಬಂತು. ಆ ಹುಡುಗಿ ಮಾವನ ಕಾಲಿನ ಫೋಟೋ ಬೇಕೆಂದಳು.

"ಅಳಿಯಾಂದು ತಗೋರಿ" ಅಂದರು ಮಾವ. "ಇದು ಕಂಡುಹಿಡದದ್ದು ಅಂವನ ಕಾಲು."

ನಾನು ಅಡ್ಡಗಾಲು ಹಾಕಿದರೂ ಅವಳು ನನ್ನ ಕಾಲಿನ ಫೋಟೋ ತೆಗೆದೇಬಿಟ್ಟಳು. ಮಾವ ಆ ಕಡೆ ತಿರುಗಿ ನಿಂತಿದ್ದರು.

ಈಗ ಗ್ಯಾರೇಜಿನಲ್ಲಿ ಅವರು ಬರಿಗಾಲಲ್ಲಿ ನಡೆಯುವಂತಿಲ್ಲ. ಶುಗರಿನಿಂದ ಕಾಲಿಗೆ ಸ್ಪರ್ಶವಿಲ್ಲ, ಗಾಯವಾದರೂ ತಿಳಿಯುವುದಿಲ್ಲವೆಂದು ಡಾಕ್ಟರ ಕಟ್ಟಪ್ಪಣೆ. ಕೇಳುತ್ತಾರೆಯೇ? ಹಾಗಾಗಿ ದಿನಾ ಬೆಳಿಗ್ಗೆ ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಆ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಟಾರ್ಚು ಬಿಟ್ಟು ನೋಡುತ್ತೇನೆ. ಹೋದ ವಾರ ಅಂಗಾಲಿನಲ್ಲಿ ಕಬ್ಬಿಣದ ಚೂರೊಂದು ನಾಟಿತ್ತು.

"ತೆಗೀತೀನ್ರಿ ಮಾಮಾ. ಸ್ವಲ್ಪ ತಡಕೋರಿ."

ಮಾವ ಸ್ಟೂಲಿನ ಅಂಚು ಹಿಡಿದು, ಹಲ್ಲು ಕಚ್ಚಿ, ಕಣ್ಣು ಮುಚ್ಚಿದರು. ನಾನು ಚಿಮಟದಿಂದ ಚೂರು ಎಳೆದು, ರಕ್ತ ಒರೆಸಿ, ಔಷಧ ಹಚ್ಚಿ, ಪಟ್ಟಿ ಕಟ್ಟಿದೆ.

"ಹೂಂ, ನಾ ತಯಾರ ಆದೆ" ಅಂದರು ಮಾವ, ಕಣ್ಣು ಮುಚ್ಚಿಕೊಂಡೇ. "ತೆಗಿ ಈಗ."