ಆರುನೂರೈವತ್ತು ಸಿಸಿಯ ಅಳಿಯ

ಮೋಟಾರ್ ಸೈಕಲ್ಲಿಗೆ ಎಷ್ಟು ಶಕ್ತಿ ಇರಬೇಕು ಎಂಬ ವಿಷಯದಲ್ಲಿ ನನಗೆ ಬಹಳ ವರ್ಷಗಳಿಂದ ಒಂದು ಖಚಿತ ಅಭಿಪ್ರಾಯವಿತ್ತು. ಕೇಳಿದವರಿಗೆ ಹೇಳುತ್ತಿದ್ದೆ, ಯಾರೂ ಕೇಳದಿದ್ದಾಗ ಇನ್ನಷ್ಟು ವಿವರವಾಗಿ ಹೇಳುತ್ತಿದ್ದೆ. ಮುಂದೆ ನಿಂತಿರುವ ಬಸ್ಸಿನ ಹಿಂದೆ ಹೋಗಿ ನಿಲ್ಲಲು ಎಷ್ಟು ಶಕ್ತಿ ಬೇಕೋ ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನದೆಲ್ಲ ಪೆಟ್ರೋಲು ಸುಡುವ ಅಹಂಕಾರ ಎಂಬುದು ಆ ಅಭಿಪ್ರಾಯದ ಸಾರ. ಇದು ಪುಸ್ತಕದಿಂದ ಬಂದ ಜ್ಞಾನವಲ್ಲ. ಹೈದರಾಬಾದಿನ ತಾರ್ನಾಕದ ಮನೆಯಿಂದ ಬಾಲಾನಗರದ ಕಾರ್ಖಾನೆಗೆ ನೂರು ಸಿಸಿಯ ಗಾಡಿಯ ಮೇಲೆ ಹೋಗಿಬರುತ್ತ ತಲೆಯ ಕೂದಲನ್ನು ಹೆಲ್ಮೆಟ್ಟಿಗೆ ಧಾರೆಯೆರೆದವನು ನಾನು. ಕಾರ್ಖಾನೆಯಲ್ಲಿ ನನ್ನದು ಖರೀದಿ ವಿಭಾಗ. ಬೇಕಾದದ್ದಕ್ಕಿಂತ ಒಂದು ನಟ್ಟು ಹೆಚ್ಚು ಬಂದರೂ ಯಾಕೆ ಬಂತೆಂದು ಕೇಳುವುದಕ್ಕೇ ನನಗೆ ಸಂಬಳ. ಅಂಥವನ ಮನೆಯ ಕೆಳಗೆ ನನ್ನ ಹೆಂಡತಿಯ ತಮ್ಮ ಮಲ್ಲಿಕಾರ್ಜುನ ಒಂದು ಸಂಜೆ ಆರುನೂರೈವತ್ತು ಸಿಸಿಯ ಗಾಡಿಯನ್ನು ತಂದು ನಿಲ್ಲಿಸಿದ.

ಮಲ್ಲಿಕಾರ್ಜುನ ಎನ್ನುವುದು ಅವನ ಆಧಾರ್ ಕಾರ್ಡಿನ ಹೆಸರು. ಮನೆಯವರಿಗೆ ಮಲ್ಲು. ಅಬಿಡ್ಸಿನ ಒಂದು ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಮ್ಯಾನೇಜರ್. ಮದುವೆಯಾಗಿರಲಿಲ್ಲ. ಅವನೂ ಅವನ ತಾಯಿ, ಅಂದರೆ ನನ್ನ ಅತ್ತೆಯವರೂ, ನಮ್ಮ ಮನೆಯ ಎದುರು ಬಾಗಿಲಿನಲ್ಲೇ ಬಾಡಿಗೆಗಿದ್ದರು. ಸಿಂದಗಿ ಕಡೆಯ ಈ ಕುಟುಂಬ ಹೈದರಾಬಾದಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅತ್ತೆಯವರು ಹಾಲಿನವನೊಡನೆ ಮಾತ್ರ ತೆಲುಗು ಮಾತಾಡುತ್ತಿದ್ದರು, ಉಳಿದವರು ಕನ್ನಡ ಕಲಿಯಬೇಕಿತ್ತು. ಹೊಸ ಗಾಡಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಸುತ್ತಲೂ ಒಮ್ಮೆ ನಡೆದು ನೋಡಿ, "ಇಷ್ಟ ದೊಡ್ಡ ಎಮ್ಮಿ ತಂದಿದ್ರ ಹಾಲರ ಕೊಡ್ತಿತ್ತು" ಎಂದರು.

ನಾನು ಸುಮ್ಮನಿರಬಹುದಿತ್ತು. ಆದರೆ ಅಷ್ಟು ದೊಡ್ಡ ಅವಕಾಶ ಮನೆಯ ಕೆಳಗೇ ಬಂದು ನಿಂತಿರುವಾಗ ಹೇಗೆ ಬಿಡುವುದು? "ಈ ಊರಾಗ ಅಷ್ಟು ಶಕ್ತಿ ಎಲ್ಲಿ ಖರ್ಚ್ ಮಾಡ್ತಿ ಮಲ್ಲು? ಮೆಟ್ಟುಗುಡ ದಾಟೂದ್ರಾಗ ಎರಡನೇ ಗೇರಿನ ಮ್ಯಾಲೆ ಹೋಗೂದಿಲ್ಲ" ಎಂದೆ.

"ಖರ್ಚ್ ಮಾಡಾಕ ಅಲ್ರಿ ಭಾವ" ಎಂದ ಅವನು, ಕನ್ನಡಿಯನ್ನು ಕರವಸ್ತ್ರದಿಂದ ಒರೆಸುತ್ತ. "ಬ್ಯಾಂಕಿನಾಗಿನ ರೊಕ್ಕಾ ದಿನಾ ತಗದು ಖರ್ಚ್ ಮಾಡ್ತೀರೇನು? ಐತಿ ಅಂತ ಗೊತ್ತಿದ್ರ ನಿದ್ದಿ ಛಲೋ ಬರ್ತೈತಿ."

ನನ್ನ ಬ್ಯಾಂಕಿನಲ್ಲಿದ್ದದ್ದು ಯಾವ ನಿದ್ದೆಗೂ ಸಾಲುವಂಥದ್ದಲ್ಲ ಎಂದು ಹೇಳಲಾರದೆ ಮೆಟ್ಟಿಲು ಹತ್ತಿದೆ.

ಅಂದಿನಿಂದ ಆ ಗಾಡಿ ನಮ್ಮೆಲ್ಲರ ಜವಾಬ್ದಾರಿಯಾಯಿತು. ಅವನು ಹೊರಟರೆ ನನ್ನ ಹೆಂಡತಿ ಸರೋಜ "ಸಾವಕಾಶ ಹೋಗೋ" ಎನ್ನುತ್ತಿದ್ದಳು. ತಡವಾದರೆ ನಾನು ಫೋನು ಮಾಡುತ್ತಿದ್ದೆ. ಊರ ಕಡೆಯಿಂದ ಬಂದಿದ್ದ ಒಂದು ಹೆಣ್ಣಿನ ಸಂಬಂಧ ಗಾಡಿಯನ್ನು ನೋಡಿಯೇ ತಪ್ಪಿಹೋಯಿತು. ಹುಡುಗನೇನೋ ಒಳ್ಳೆಯವನು, ಆದರೆ ಎಷ್ಟು ದಿನ ಇರುತ್ತಾನೋ ಎಂದು ಅವರು ಯಾರಲ್ಲೋ ಅಂದರಂತೆ. ಅತ್ತೆಯವರು ಮಾತ್ರ ಹೆಚ್ಚು ಮಾತಾಡಲಿಲ್ಲ. ಸಂಜೆ ಬಾಲ್ಕನಿಯಲ್ಲಿ ಕೂತು ಕಿವಿಗೊಡುತ್ತಿದ್ದರು. ನಮ್ಮ ಗಲ್ಲಿಯ ಮೂಲೆ ತಿರುಗುವಾಗ ಮಲ್ಲು ಒಮ್ಮೆ 'ಗುರ್ರ್' ಎನ್ನಿಸುತ್ತಿದ್ದ. ಅದು ಕೇಳಿದ ಕೂಡಲೇ ಅವರು ಎದ್ದು ಒಲೆಯ ಮೇಲೆ ಹಂಚು ಇಡುತ್ತಿದ್ದರು. ಅವನು ಗಾಡಿ ನಿಲ್ಲಿಸಿ, ಬೀಗ ಹಾಕಿ, ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು.

ನಾವು ಹೀಗೆ ಎಲ್ಲರೂ ಗಾಡಿಯನ್ನು ಕಾವಲು ಕಾಯುತ್ತಿರುವಾಗ ಮಲ್ಲುವನ್ನು ಕೊಂದದ್ದು ಸೊಳ್ಳೆ. ಮಳೆಗಾಲದಲ್ಲಿ ಜ್ವರ ಬಂತು. ಅಂಗಡಿಯಲ್ಲಿ ಕೆಲಸವಿದೆಯೆಂದು ಮಾತ್ರೆ ನುಂಗಿಕೊಂಡು ಓಡಾಡಿದ. ಡೆಂಗಿ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ರಕ್ತ ಕೊಡಲು ಅವನ ಅಂಗಡಿಯವರು, ನಮ್ಮ ಕಾರ್ಖಾನೆಯವರು ಸಾಲಾಗಿ ನಿಂತರು, ಪ್ರಯೋಜನವಾಗಲಿಲ್ಲ. ಹೆಲ್ಮೆಟ್ಟು, ಮೊಣಕಾಲಿಗೆ ಕಟ್ಟುವ ಗಟ್ಟಿ ಕವಚ, ಬೆನ್ನಿಗೆ ದಪ್ಪ ಜಾಕೀಟು ಎಲ್ಲವನ್ನೂ ಕೊಂಡಿಟ್ಟುಕೊಂಡಿದ್ದ ಮನುಷ್ಯ ಒಂದು ಸೊಳ್ಳೆಪರದೆ ಕೊಂಡಿರಲಿಲ್ಲ. ನಾನೂ ಹೇಳಿರಲಿಲ್ಲ. ನನ್ನ ಉಪದೇಶವೆಲ್ಲ ಸಿಸಿಯ ಬಗ್ಗೆ ಇತ್ತು, ಸೊಳ್ಳೆಗೆ ಸಿಸಿ ಇರುವುದಿಲ್ಲ. ಮಾತಾಡಿಸಲು ಬಂದವರು ಬಾಗಿಲಲ್ಲೇ ನನ್ನ ಕೈ ಹಿಡಿದು, "ಗಾಡಿ ಮ್ಯಾಲಿಂದ ಬಿದ್ನೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅಲ್ಲ, ಜ್ವರ ಎಂದರೆ ಅವರಿಗೆ ಮುಂದೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತು ವ್ಯರ್ಥವಾಗಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಅತ್ತೆಯವರು ನಮ್ಮ ಮನೆಗೆ ಬಂದರು. ಗಾಡಿ ಕೆಳಗೆ ಹೊದಿಕೆಯಡಿ ನಿಂತಿತು. ಮಾರಿಬಿಡೋಣ ಎಂದು ಸರೋಜ ಹೇಳಿದಾಗ ಅತ್ತೆಯವರು ಅವಳ ಕಡೆ ನೋಡದೆ ನನಗೆ ಹೇಳಿದರು: "ಅಳಿಯಂದ್ರ, ದಿನಾ ಒಮ್ಮೆ ಚಾಲೂರ ಮಾಡ್ರಿ. ನಿಂತು ನಿಂತು ಕೆಟ್ಟು ಹೋಗ್ತೈತಿ." ಮಗನ ಮಾತು ಬಿಟ್ಟು ಅವರು ಹೇಳಿದ ಮೊದಲ ಮಾತು ಅದು. ಹೇಗೆ ಇಲ್ಲವೆನ್ನುವುದು? ಬೆಳಿಗ್ಗೆ ಕೆಳಗಿಳಿದು ಗುಂಡಿ ಒತ್ತುತ್ತಿದ್ದೆ. ಸ್ವಲ್ಪ ದಿನಕ್ಕೆ ಅದೂ ಮೊಂಡು ಹಿಡಿಯಿತು. ಬ್ಯಾಟರಿ ನೋಡಲು ಬಂದ ಮೆಕ್ಯಾನಿಕ್ ಖಾದರ್, "ಖಡಾ ರಖ್ಕೇ ಚಾಲೂ ಕರೇ ತೋ ಫಾಯ್ದಾ ನೈ ಸಾಬ್, ಚಲಾನಾ ಪಡ್ತಾ" ಎಂದ. ನಿಂತಲ್ಲೇ ಚಾಲೂ ಮಾಡಿ ಉಪಯೋಗವಿಲ್ಲ, ಓಡಿಸಬೇಕು. ಮೇಲಿನಿಂದ ಅತ್ತೆಯವರು ಕೇಳಿಸಿಕೊಂಡರು. ಹೀಗೆ ಐವತ್ತು ದಾಟಿದ ನಾನು, ಬೆನ್ನುನೋವಿಗೆ ಬೆಲ್ಟು ಕಟ್ಟುವವನು, ಆರುನೂರೈವತ್ತು ಸಿಸಿಯ ಮೇಲೆ ಕಾರ್ಖಾನೆಗೆ ಹೊರಟೆ.

ಮೊದಲು ತಿಳಿದದ್ದು ಬಿಸಿ. ಸಿಗ್ನಲ್ಲಿನಲ್ಲಿ ನಿಂತರೆ ತೊಡೆಗಳ ನಡುವೆ ತಂದೂರಿ ಒಲೆ ಇಟ್ಟುಕೊಂಡಂತೆ. ನನ್ನ ಹಳೆಯ ಗಾಡಿ ಎರಡು ಬಸ್ಸುಗಳ ನಡುವೆ ಬೆಕ್ಕಿನಂತೆ ನುಸುಳುತ್ತಿತ್ತು. ಇದು ಬಸ್ಸಿನ ಸಂಬಂಧಿಕನಂತೆ ಅದರ ಹಿಂದೆಯೇ ನಿಲ್ಲುತ್ತಿತ್ತು. ಪಕ್ಕದ ಆಟೋದವರು ಬಗ್ಗಿ, "ಅನ್ನಾ, ಮೈಲೇಜ್ ಎಂತ ಇಸ್ತುಂದಿ?" ಎಂದು ಲೀಟರಿಗೆ ಎಷ್ಟು ಓಡುತ್ತದೆಂದು ವಿಚಾರಿಸಿ, ಉತ್ತರ ಕೇಳಿದ ಮೇಲೆ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಕಾರ್ಖಾನೆಯ ಕಾವಲುಗಾರ ಮೊದಲ ದಿನ ಸೆಲ್ಯೂಟ್ ಹೊಡೆದು, ಹೆಲ್ಮೆಟ್ಟು ತೆಗೆದ ಮೇಲೆ ಕೈ ಇಳಿಸಿದ. ಆದರೆ ಒಂದು ಭಾನುವಾರ ಬೆಳಿಗ್ಗೆ, ಖಾಲಿ ಫ್ಲೈಓವರಿನ ಮೇಲೆ, ಸುಮ್ಮನೆ ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುಗಿಸಿದೆ. ಗಾಡಿ ಅವಸರವಿಲ್ಲದೆ ಮುಂದಕ್ಕೆ ಹೋಯಿತು. ಎದೆಯೊಳಗಿದ್ದದ್ದು ಏನೋ ಹಿಂದೆ ಉಳಿಯಿತು. ಮಲ್ಲು ಹೇಳಿದ ನಿದ್ದೆ ಇದೇ ಇರಬೇಕು ಎನ್ನಿಸಿತು. ಫ್ಲೈಓವರು ಇಳಿಯುವಾಗ ನಾನು ನಗುತ್ತಿದ್ದೆ, ಕೂಡಲೇ ನಾಚಿಕೆಯಾಯಿತು. ಸತ್ತವನ ಗಾಡಿಯ ಮೇಲೆ ಕೂತು ನಗುವುದು ಎಲ್ಲಿಯ ಪದ್ಧತಿ?

ಈ ನಡುವೆ ಅತ್ತೆಯವರು ಒಂದು ದಿನ ಊಟ ಬಡಿಸುತ್ತ, "ನೀವು ಬಂದ್ರ ಸಪ್ಪಳ ಬ್ಯಾರೆ ಬರ್ತೈತ್ರಿ" ಎಂದರು.

"ಗಾಡಿ ಅದ ಐತಲ್ರಿ ಅತ್ತಿ."

"ಗಾಡಿ ಅದ ಐತಿ. ಅವ ಮೂಲಿ ತಿರುಗೂ ಮುಂದ ಒಮ್ಮೆ ಗುರ್ ಅನಸ್ತಿದ್ದ. ನೀವು ಸುಮ್ನ ಬರ್ತೀರಿ." ದೂರಿನ ದನಿಯಲ್ಲಿ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದಂತೆ ಹೇಳಿದರು.

ಅದು ನನ್ನ ತಲೆಯಲ್ಲಿ ಕೂತಿತು. ಇಡೀ ಮನೆಯಲ್ಲಿ ಆ ಮುದುಕಿಗೆ ಯಾರೂ ಏನೂ ಕೊಡಲಾಗದೆ ಒದ್ದಾಡುತ್ತಿರುವಾಗ ಇಷ್ಟು ಸಣ್ಣದು ನನ್ನ ಮಣಿಕಟ್ಟಿನಲ್ಲಿದೆಯಲ್ಲ ಎಂದುಕೊಂಡೆ. ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಅಭ್ಯಾಸಕ್ಕೆ ತೊಡಗಿದೆ. ಮೊದಲು ಗಾಡಿ ಜಿಗಿದು ಒಂದು ಬೇಲಿಯ ತನಕ ಹೋಯಿತು. ಆಮೇಲೆ ಕ್ಲಚ್ಚು ಹಿಡಿದು ಆಕ್ಸಿಲರೇಟರ್ ತಿರುವಬೇಕೆಂದು ತಿಳಿಯಿತು. ನಮ್ಮ ಕಾರ್ಖಾನೆಯವರು ಕಿಟಕಿಗೆ ಬಂದು ನಿಂತರು. ಮನೆಯಲ್ಲಿ ದುಃಖವಾಗಿ ಮನುಷ್ಯ ಸ್ವಲ್ಪ ಹೀಗಾಗಿದ್ದಾನೆ ಎಂದು ಯಾರೋ ಸಮಾಧಾನ ಹೇಳಿದರಂತೆ.

ಕಡೆಗೆ ಒಂದು ಸಂಜೆ ಗಲ್ಲಿಯ ಮೂಲೆಯಲ್ಲಿ ಅದು ಸರಿಯಾಗಿ ಬಂತು. ನನಗೇ ಗೊತ್ತಾಯಿತು, ಮಲ್ಲುವಿನದೇ ಸದ್ದು, ಅದೇ ಉದ್ದ, ಅದೇ ಇಳಿತ. ಹೆಮ್ಮೆಯಿಂದ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತುತ್ತಿದ್ದೆ. ಒಳಗಿನಿಂದ ಅತ್ತೆಯವರ ದನಿ ಕೇಳಿತು: "ಸರೋಜಾ, ಹಂಚ್ ಇಡ. ಮಲ್ಲು ಬಂದ."

ನಾನು ಮೆಟ್ಟಿಲ ಮೇಲೆ ನಿಂತೆ. ಹಿಂದಕ್ಕೆ ಇಳಿದುಬಿಡೋಣ ಎನ್ನಿಸಿತು, ಅಷ್ಟರಲ್ಲಿ ಬಾಗಿಲು ತೆರೆಯಿತು. ಅತ್ತೆಯವರ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ನೋಡಿದರು. ಮೆಟ್ಟಿಲ ಮೇಲೆ ಮತ್ತೆ ಯಾರೂ ಇರಲಿಲ್ಲ.

"ಬರ್ರಿ" ಎಂದರು. "ಕೈಕಾಲು ತೊಳಕೋರಿ."

ರೊಟ್ಟಿ ಬಡಿದರು. ತಿಂದೆ. ಬಹಳ ಬಿಸಿಯಾಗಿತ್ತು.

ಮರುದಿನ ಡಬ್ಬಿ ಕೈಗೆ ಕೊಡುವಾಗ ಸರೋಜ, "ಅವನಂಗ ಬರಬ್ಯಾಡ್ರಿ ಇನ್ನ. ನಿಮ್ಮಂಗ ಬರ್ರಿ" ಎಂದಳು. ಕಣ್ಣು ಕೆಂಪಾಗಿತ್ತು. ಬರುತ್ತೇನೆ ಎಂದೆ. ಆದರೆ ಮೂಲೆಯಲ್ಲಿ 'ಗುರ್ರ್' ಎನ್ನಿಸದಿದ್ದರೂ ಆ ಗಾಡಿ ಸುಮ್ಮನೆ ಬರುವುದಿಲ್ಲ, ಅದರ ಉಸಿರಾಟವೇ ನನ್ನ ಹಳೆಯ ಗಾಡಿಯ ಕೂಗಿಗಿಂತ ದೊಡ್ಡದು. ಅದಕ್ಕೆ ಸಂಜೆ ದೊಡ್ಡ ರಸ್ತೆಯಲ್ಲೇ ಇಂಜಿನ್ ನಿಲ್ಲಿಸಿ, ಇಳಿದು, ಗಲ್ಲಿಯೊಳಗೆ ತಳ್ಳಿಕೊಂಡು ಹೊರಟೆ. ಎರಡು ಕ್ವಿಂಟಲಿಗೂ ಮೀರಿದ ಭಾರ. ಇಸ್ತ್ರಿ ಬಂಡಿಯ ಯಾದಗಿರಿ, "ಪೆಟ್ರೋಲ್ ಅಯಿಪೋಯಿಂದಾ ಸಾರ್?" ಎಂದು ಕೇಳಿದ. ಹೌದು, ಪೆಟ್ರೋಲು ತೀರಿದೆ ಎಂದು ತಲೆಯಾಡಿಸಿದೆ. ಅವನ ಬಂಡಿ ದಾಟಿದ ಮೇಲೆ ರಸ್ತೆಯುಬ್ಬಿನ ಮೇಲೆ ಮುಂದಿನ ಚಕ್ರ ಹತ್ತಿತು, ಹಿಂದಿನದು ಹತ್ತಲಿಲ್ಲ. ಗಾಡಿ ನನ್ನ ಕಡೆ ವಾಲಿತು. ಬಿಟ್ಟು ಓಡಬೇಕಿತ್ತು, ಮಲ್ಲುವಿನ ಗಾಡಿಗೆ ಗೀರು ಬೀಳುತ್ತದಲ್ಲ ಎಂದು ಹಿಡಿದೆ. ಅದು ನಿಧಾನವಾಗಿ, ಒಬ್ಬ ಹಿರಿಯರು ಕೂರುವ ಹಾಗೆ, ನನ್ನ ಕಾಲ ಮೇಲೆ ಕೂತಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಯಾದಗಿರಿ ಮತ್ತಿಬ್ಬರನ್ನು ಕೂಗಿ ಕರೆದು ಗಾಡಿ ಎತ್ತಿಸಿದ. ಅಷ್ಟು ಹೊತ್ತೂ ನಾನು ಕೂಗಲಿಲ್ಲ. ಕೂಗಿದರೆ ಬಾಲ್ಕನಿಗೆ ಕೇಳುತ್ತದೆ.

ಆಸ್ಪತ್ರೆಯಲ್ಲಿ ಎಳೆಯ ವೈದ್ಯರು ಯಾವ ಗಾಡಿ ಎಂದು ಕೇಳಿದರು. ಹೇಳಿದೆ. ಎಷ್ಟು ಸ್ಪೀಡಿನಲ್ಲಿದ್ದಿರಿ ಎಂದರು. ಸ್ಪೀಡಿರಲಿಲ್ಲ, ಇಂಜಿನ್ ಬಂದಾಗಿತ್ತು, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ ಎಂದೆ. ಅವರು ನರ್ಸಿನ ಮುಖ ನೋಡಿ, ತಲೆಗೂ ಒಂದು ಸ್ಕ್ಯಾನ್ ಮಾಡಿಸೋಣ ಎಂದರು.

ಮನೆಗೆ ಬಂದು ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದಾಗ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. "ಯಾಕ ತಳ್ಳಕೋತ ಬಂದ್ರಿ?"

"ಪೆಟ್ರೋಲ್ ತೀರಿತ್ರಿ ಅತ್ತಿ."

"ಮುಂಜಾನೆ ತುಂಬಿಸಿದ್ರಂತಲ್ಲ, ಸರೋಜಾ ಅಂದ್ಲು." ನಾನು ಸೂರು ನೋಡಿದೆ. ಅವರು ಪ್ಲಾಸ್ಟರಿನ ಮೇಲೆ ಕೈಯಾಡಿಸಿದರು. "ಮಾರಿಬಿಡ್ರಿ ಅದನ್ನ. ಒಬ್ಬರ ಹಾದಿ ಕಾಯೂದ ಭಾಳ ಆಗೈತಿ ನನಗ. ನಿಮ್ಮದೂ ಕಾಯಾಕ ಹಚ್ಚಬ್ಯಾಡ್ರಿ."

ಮೆದಕ್ ಕಡೆಯ ಒಬ್ಬ ಕಂಟ್ರಾಕ್ಟರು ಬಂದು ಕೊಂಡ. ಅತ್ತೆಯವರು ಕೆಳಗಿಳಿದು ಟ್ಯಾಂಕನ್ನು ಸೆರಗಿನಿಂದ ಒರೆಸಿ, ತಮ್ಮ ಹಾಲಿನ ತೆಲುಗಿನಲ್ಲಿ, "ಮೆಲ್ಲಗಾ ಪೋ ನಾಯನಾ" ಎಂದರು. ಮೆಲ್ಲಗೆ ಹೋಗಪ್ಪ. ಅವನು ವಿನಯದಿಂದ ತಲೆಯಾಡಿಸಿ ಹೊರಟ. ಬಾಲ್ಕನಿಯಲ್ಲಿ ಊರುಗೋಲು ಹಿಡಿದು ನಿಂತಿದ್ದ ನಾನೂ, ಪಕ್ಕದಲ್ಲಿದ್ದ ಸರೋಜಳೂ ಮೂಲೆಯ ಕಡೆಗೇ ಕಿವಿಯಿಟ್ಟಿದ್ದೆವು. ಒಳ್ಳೆಯ ಮನುಷ್ಯ, ಹೇಳಿದ ಮಾತು ಮೀರಲಿಲ್ಲ. 'ಗುರ್ರ್' ಎನ್ನಿಸದೆ ತಿರುಗಿಹೋದ. ಅತ್ತೆಯವರು ಮಾತ್ರ ಕೆಳಗೆ ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಮೇಲೆ ಬಂದರು.

ಈಗ ಕಾಲು ಕೂಡಿದೆ. ನನ್ನ ನೂರು ಸಿಸಿಯ ಗಾಡಿಗೇ ಮರಳಿದ್ದೇನೆ. ಮೊನ್ನೆ ಫ್ಲೈಓವರಿನ ಮೇಲೆ ಯಾರೂ ಇಲ್ಲದ್ದನ್ನು ನೋಡಿ ಮಣಿಕಟ್ಟನ್ನು ಪೂರ್ತಿ ತಿರುಗಿಸಿದೆ. ಗಾಡಿ ಕಿರುಚಿತು, ಮುಂದಕ್ಕೆ ಹೋಗಲಿಲ್ಲ. ತರಕಾರಿ ಮೂಟೆ ಹೇರಿಕೊಂಡಿದ್ದವನೊಬ್ಬ ನನ್ನನ್ನು ದಾಟಿಹೋದ. ಅವನ ಮೇಲೆ ನನಗೆ ಬಂದ ಸಿಟ್ಟನ್ನು ಈ ವಿಷಯದಲ್ಲಿ ಖಚಿತ ಅಭಿಪ್ರಾಯವುಳ್ಳ ಯಾರಿಗೂ ನಾನು ವಿವರಿಸಲಾರೆ.

ಅಂದು ಸಂಜೆ ಸರೋಜ ಅಡಿಗೆಮನೆಯಲ್ಲಿದ್ದಾಗ ಫೋನಿನಲ್ಲಿ ಒಂದು ಗಾಡಿ ನೋಡುತ್ತಿದ್ದೆ. ಮುನ್ನೂರೈವತ್ತು ಸಿಸಿಯದು, ಅಷ್ಟೇನೂ ದೊಡ್ಡದಲ್ಲ, ಅಷ್ಟೇನೂ ಸಣ್ಣದಲ್ಲ. ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯವರು ಯಾವಾಗ ಹತ್ತಿರ ಸರಿದರೋ ಗೊತ್ತಾಗಲಿಲ್ಲ.

"ಇದರ ಸಪ್ಪಳ ಹೆಂಗ ಇರ್ತೈತ್ರಿ?" ಎಂದರು ಮೆಲ್ಲಗೆ.

"ಕೇಳಸ್ತಾರ್ರಿ ಇದರಾಗ."

ಅವರು ಅಡಿಗೆಮನೆಯ ಕಡೆ ನೋಡಿದರು. "ಸಣ್ಣಗ ಹಚ್ರಿ."

ಇಬ್ಬರೂ ಫೋನಿನ ಮೇಲೆ ಬಗ್ಗಿ ಕೇಳಿದೆವು. ಪೂರ್ತಿ ಕೇಳಿ, "ಅವನ್ದು ಅಲ್ಲ" ಎಂದು ಅವರು ಬತ್ತಿಯ ಹತ್ತಿಗೆ ಮರಳಿದರು. ಅಲ್ಲ ಎಂದು ನಾನೂ ಒಪ್ಪಿದೆ. ಫೋನು ಬದಿಗಿಡುವ ಮುಂಚೆ, ಸುಮ್ಮನೆ ತಿಳಿದಿರಲೆಂದು, ನಮ್ಮ ಮನೆಗೆ ಹತ್ತಿರದ ಶೋರೂಮು ಎಲ್ಲಿದೆ ಎಂದು ನೋಡಿಟ್ಟುಕೊಂಡೆ.