ಕಲ್ಲಿಗೆ ಕುಲಾಯಿ

ಬನಹಟ್ಟಿಯ ಆ ಓಣಿಯಲ್ಲಿ ಒಂದು ಗುಟ್ಟು ಗುಟ್ಟಾಗಿ ಉಳಿದರೆ ಅದು ಮಗ್ಗಗಳ ದಯೆ. ಬೆಳಗಿನಿಂದ ರಾತ್ರಿಯವರೆಗೆ ಮನೆಮನೆಯಲ್ಲೂ ಪಾವರ್‌ಲೂಮು ಖಟಾಖಟ್ ಬಡಿಯುತ್ತಿರುವಾಗ ಗಂಡ ಹೆಂಡತಿ ಜಗಳ ಆಡಿದರೂ ಕೈಸನ್ನೆಯಲ್ಲೇ ಆಡಬೇಕು. ಆದರೆ ಆ ದಿನ ಲೈನು ರಿಪೇರಿ ಅಂತ ಸಂಜೆಯವರೆಗೆ ಕರೆಂಟು ತೆಗೆದಿದ್ದರು. ಮಗ್ಗಗಳು ಬಾಯಿ ಮುಚ್ಚಿಕೊಂಡಿದ್ದವು. ನೇಯುವವರೆಲ್ಲ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದರು. ಇಂಥ ದಿನವನ್ನೇ ಹುಡುಕಿ ಆರಿಸಿದವನ ಹಾಗೆ ಭೀಮಶಿ ಕದ್ದು ತೊಟ್ಟಿಲು ತರಲು ಹೊರಟ.

ಕದ್ದು ಅಂದರೆ ಕಳವು ಮಾಡಿ ಅಲ್ಲ. ರಬಕವಿಯ ಮಾಸ್ತರರೊಬ್ಬರಿಗೆ ವರ್ಗವಾಗಿತ್ತು. ಅವರ ಸಾಮಾನಿನ ಲಾರಿಯಲ್ಲಿ ಹಳೆಯ ಸಾಗವಾನಿ ತೊಟ್ಟಿಲಿಗೆ ಜಾಗ ಸಾಲಲಿಲ್ಲ. ಮಧ್ಯಾಹ್ನದೊಳಗೆ ಬಂದು ಒಯ್ದರೆ ಸಾವಿರದ ಇನ್ನೂರಕ್ಕೆ ಕೊಡುತ್ತೇವೆ ಅಂದಿದ್ದರು. ಆ ಸುದ್ದಿ ಭೀಮಶಿಯ ಹೆಂಡತಿ ಉಮಾಶ್ರೀಯ ಕಿವಿಗೆ ಬಿದ್ದಿತ್ತು.

ಉಮಾಶ್ರೀಗೆ ಒಂಬತ್ತು ತಿಂಗಳು ತುಂಬಿತ್ತು. ಡಾಕ್ಟರಮ್ಮ ಕೊಟ್ಟ ತಾರೀಖಿಗೆ ಇನ್ನು ಹತ್ತು ದಿನ. ಕಾಲು ಬಾತು ಅವಳ ಚಪ್ಪಲಿ ಅವಳಿಗೆ ಹಿಡಿಸುತ್ತಿರಲಿಲ್ಲ. ಹೊಸದು ಯಾಕೆ ಅಂತ ಗಂಡನ ಚಪ್ಪಲಿ ಮೆಟ್ಟಿಕೊಂಡಳು. ಗಂಡ ಬಚ್ಚಲಿನ ಸ್ಲಿಪ್ಪರಿನಲ್ಲಿ ಊರೆಲ್ಲ ತಿರುಗುತ್ತಿದ್ದ. ಅವನ ಲುಂಗಿಗಳು ಒಂದೊಂದಾಗಿ ಹರಿದು ಹುಟ್ಟುವ ಕೂಸಿನ ಬಟ್ಟೆಗಳಾಗಿದ್ದವು. ಈಗ ಅವನಿಗೆ ಉಳಿದದ್ದು ಒಂದೇ ಲುಂಗಿ, ಅದನ್ನೂ ಅವಳು ಆಗಾಗ ಅಳತೆ ಹಾಕುವ ಕಣ್ಣಿನಿಂದ ನೋಡುತ್ತಿದ್ದಳು. ಓಣಿಯಲ್ಲಿ ಕಾರು ಇದ್ದದ್ದು ಎದುರು ಮನೆಯ ಭಾಗವ್ವನ ಮನೆಯಲ್ಲಿ ಮಾತ್ರ. ನೋವು ಬಂದಾಗ ಬಾಡಿಗೆ ಇಲ್ಲದೆ ಅದರಲ್ಲಿ ಹೋಗಬಹುದು ಅಂತ ಉಮಾಶ್ರೀ ಆರು ತಿಂಗಳಿಂದ ಭಾಗವ್ವನಿಗೆ ಬಿಸಿ ರೊಟ್ಟಿ ಕಳಿಸುತ್ತಿದ್ದಳು.

ಇಷ್ಟೆಲ್ಲ ಜುಗ್ಗತನ ಜಮಖಂಡಿಯ ಆ ಡಾಕ್ಟರಮ್ಮನ ಸಲುವಾಗಿ. ಹೋದ ವರ್ಷ ಒಂದು ಕೂಸು ಹೊಟ್ಟೆಯಲ್ಲಿದ್ದಾಗಲೇ ಮೂರನೇ ತಿಂಗಳಿಗೇ ಹೋಗಿಬಿಟ್ಟಿತ್ತು. ಈ ಸಲ ಏನಾದರೂ ಆಗಲಿ, ದೊಡ್ಡ ದವಾಖಾನೆಯಲ್ಲೇ ಹಡೆಯಬೇಕು ಅಂತ ಇಬ್ಬರೂ ನಿರ್ಧಾರ ಮಾಡಿದ್ದರು. ತೊಟ್ಟಿಲು ತವರಿನಿಂದ ಬರುವುದು ಪದ್ಧತಿ. ಆದರೆ ಉಮಾಶ್ರೀ ಹುನ್ನೂರಿನ ಅಪ್ಪನಿಗೆ, "ತೊಟ್ಟಿಲಾ ಬ್ಯಾಡಪ್ಪಾ, ಆ ಹದಿನೈದು ಸಾವಿರ ಡಾಕ್ಟರಿಗೆ ಇಡು," ಅಂತ ಹೇಳಿ ಒಪ್ಪಿಸಿದ್ದಳು.

ಉಳಿದದ್ದು ಒಂದೇ ತೊಡಕು. ಕೂಸು ಹುಟ್ಟುವ ಮೊದಲು ಮನೆಗೆ ತೊಟ್ಟಿಲು ತರಬಾರದು. ತಂದರೂ ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕೂಸಿಗೆ ಕೇಡು. ಭೀಮಶಿಯ ತಾಯಿ ಸೋಮವ್ವ ಇದನ್ನು ದಿನಕ್ಕೆರಡು ಸಲ ಹೇಳುತ್ತಿದ್ದಳು. ಭೀಮಶಿ ಮೊದಲು ಇಂಥದ್ದಕ್ಕೆಲ್ಲ ನಗುತ್ತಿದ್ದ. ಹೋದ ವರ್ಷದಿಂದ ನಗುವ ಧೈರ್ಯ ಅವನಿಗೆ ಇರಲಿಲ್ಲ.

"ಅತ್ತಿ ಬೀರಪ್ಪನ ಗುಡಿಗೆ ಹೋಗ್ಯಾರ," ಅಂದಳು ಉಮಾಶ್ರೀ. "ಅವರು ಬರೂದ್ರಾಗ ತಂದು ಅಟ್ಟದ ಮ್ಯಾಲ ಇಟ್ಟಬಿಡ್ರಿ. ಹಡದ ಮ್ಯಾಲ ಇಳಸೂನು."

"ಖಾಲಿ ತೊಟ್ಟಿಲಾ ತರಬಾರದಂತಲ್ಲ. ನೀ ನಂಬೂದಿಲ್ಲೇನು?"

"ನಂಬತೇನ್ರಿ. ಆದ್ರ ಡಾಕ್ಟರಮ್ಮ ನಂಬಂಗಿಲ್ಲಲ್ಲ. ಆಕಿ ರೊಕ್ಕಾ ಕೇಳತಾಳ."

ಮಾಸ್ತರರ ಮನೆಯಲ್ಲಿ ಎಲ್ಲ ಸುಸೂತ್ರವಾಯಿತು. ಭೀಮಶಿ ತೊಟ್ಟಿಲನ್ನು ತನ್ನ ಮೊಪೆಡ್ಡಿನ ಹಿಂದೆ ಅಡ್ಡಲಾಗಿ ಹಗ್ಗದಿಂದ ಕಟ್ಟಿಕೊಂಡು ಹೊರಟ. ರಬಕವಿ ದಾಟುವುದರೊಳಗೆ ಹಗ್ಗ ಸಡಿಲಾಯಿತು. ಗಾಡಿ ತಗ್ಗಿಗೆ ಇಳಿದಾಗೊಮ್ಮೆ ತೊಟ್ಟಿಲು ಹಿಂದಕ್ಕೂ ಮುಂದಕ್ಕೂ ಆಡಿತು. ಭೀಮಶಿ ತಿರುಗಿ ನೋಡಿದ. ಯಾರೂ ಮುಟ್ಟದ ಖಾಲಿ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು. ಎಣಿಸಬಾರದು ಅಂದುಕೊಂಡರೂ ಎಣಿಸಿದ. ಹನ್ನೊಂದನೇ ಸಲಕ್ಕೆ ಗೂಳಪ್ಪನ ಚಹದಂಗಡಿ ಸಿಕ್ಕಿತು, ಅಲ್ಲೇ ಗಾಡಿ ನಿಲ್ಲಿಸಿಬಿಟ್ಟ.

ಗೂಳಪ್ಪ ಹಳೆಯ ಗೆಳೆಯ, ಎಲ್ಲದಕ್ಕೂ ಅವನಲ್ಲಿ ಒಂದು ಉಪಾಯ ಇರುತ್ತಿತ್ತು. ಎಲ್ಲ ಕೇಳಿಸಿಕೊಂಡು, "ಇಷ್ಟ ಹೌದಿಲ್ಲೊ," ಅಂದ. "ಹೆಸರಿಡೂ ದಿನಾ ಕೂಸಿಗಿಂತ ಮೊದಲ ತೊಟ್ಟಿಲದಾಗ ಯಾರನ್ನ ಮಲಗಸ್ತಾರ?"

"ಗುಂಡಕಲ್ಲು."

"ಮತ್ತ? ಗುಂಡಕಲ್ಲು ಮಲಗಿದ ತೊಟ್ಟಿಲಕ್ಕ ಯಾರರೆ ಖಾಲಿ ಅಂತಾರೇನು?"

ಮಿಕ್ಸಿ ಬಂದಾಗಿನಿಂದ ಗೂಳಪ್ಪನ ಮನೆಯ ರುಬ್ಬುವ ಗುಂಡಕಲ್ಲು ಅಂಗಡಿಯ ಬಾಗಿಲಿಗೆ ಒತ್ತಾಗಿ ಕೂತಿತ್ತು. ಅದನ್ನು ತೊಳೆದು, ಉರುಳದಂತೆ ಟವೆಲಿನಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಮಾಡುವುದನ್ನು ಪೂರ್ತಿ ಮಾಡಬೇಕು ಅಂತ ಗೂಳಪ್ಪನ ಹೆಂಡತಿ ಮಗನ ಹಳೇ ಕುಲಾಯಿ ತಂದು ಕಲ್ಲಿನ ತಲೆಗೆ ಕಟ್ಟಿದಳು. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸಬಾರದು ಅಂತ ಗಾದೆ ಇದೆ. ಕಲ್ಲಿಗೆ ಕಟ್ಟಬಾರದು ಅಂತ ಯಾವ ಗಾದೆಯೂ ಇಲ್ಲ. ಭೀಮಶಿಯ ಎದೆ ಹಗುರಾಯಿತು, ಗಾಡಿ ಭಾರವಾಯಿತು.

ಓಣಿ ಹೊಕ್ಕಾಗ ಭಾಗವ್ವ ಕಟ್ಟೆಯ ಮೇಲೆ ಕೂತು ನೂಲು ಬಿಡಿಸುತ್ತಿದ್ದಳು. ಅವಳ ಕಣ್ಣು ಮೊದಲು ತೊಟ್ಟಿಲ ಮೇಲೆ ಬಿತ್ತು, ಆಮೇಲೆ ಕುಲಾಯಿಯ ಮೇಲೆ.

"ನಿಂದ್ರೋ ಭೀಮಶಿ. ಹಡದಳೇನು?"

ಇಲ್ಲ ಅಂದರೆ, ಹುಟ್ಟದ ಕೂಸಿಗೆ ತೊಟ್ಟಿಲು ತಂದದ್ದು ಸಂಜೆಯೊಳಗೆ ಅವ್ವನ ಕಿವಿಗೆ ಹೋಗುತ್ತದೆ. ಭೀಮಶಿ ಯೋಚಿಸುವುದರೊಳಗೆ ಅವನ ಗಂಟಲು "ಹೂಂ" ಅಂದುಬಿಟ್ಟಿತು.

"ಅಯ್ಯ ಶಿವನ. ಯಾವಾಗ?"

"ಮುಂಜಾನಿ."

"ನಮ್ಮ ಕಾರ ಇದ್ದೂ ಇದ್ದೂ ಕೇಳಲಿಲ್ಲ? ಇರಲಿ, ಏನ ಹುಟ್ಟೇತಿ?"

ಅದನ್ನು ಭೀಮಶಿ ಯೋಚಿಸಿರಲಿಲ್ಲ. "ಇನ್ನ ನೋಡಿಲ್ರಿ," ಅಂದ.

"ತೊಟ್ಟಿಲದಾಗ ಹಾಕ್ಕೊಂಡ ಬಂದು ನೋಡಿಲ್ಲ ಅಂತೀಯಲ್ಲೋ. ಬಾಣಂತಿ ಎಲ್ಲಿ?"

"ಹಿಂದ ಬರಾಕತ್ತಾಳ."

ಅಷ್ಟರಲ್ಲಿ ಪಕ್ಕದ ಮಗ್ಗದ ದುರಗೇಶ ಸಹಾಯಕ್ಕೆ ಅಂತ ಬಂದು ತೊಟ್ಟಿಲ ಒಂದು ಬದಿ ಎತ್ತಲು ನೋಡಿದ, ಎತ್ತಲಾಗದೆ ಬಿಟ್ಟ.

"ಏನ ವಜ್ಜಿ ಐತೋ ಮಾರಾಯಾ. ಎಷ್ಟ ಕಿಲೋ ಐತಿ ಕೂಸು?"

"ಹತ್ತು."

"ಹತ್ತ ಕಿಲೋ?"

"ತೊಟ್ಟಿಲಾ ಹಿಡದು."

"ಅಳವಲ್ದಲ್ಲ."

"ಶಾಣ್ಯಾ ಐತಿ," ಅಂದ ಭೀಮಶಿ. ಅವನ ಧ್ವನಿ ಅವನಿಗೇ ಬೇರೆ ಯಾರದ್ದೋ ಅನ್ನಿಸಿತು.

ಭಾಗವ್ವ ಕುಲಾಯಿ ಸರಿಸಿ ಮುಖ ನೋಡಲು ಕೈ ಚಾಚಿದಳು. ಭೀಮಶಿ ನಡುವೆ ಬಿದ್ದು, ಅವ್ವ ಬಂದು ದೃಷ್ಟಿ ತೆಗೆಯುವವರೆಗೆ ಯಾರಿಗೂ ತೋರಿಸಬಾರದಂತೆ ಅಂದ. ಆ ಮಾತಿಗೆ ಭಾಗವ್ವ ತಲೆಬಾಗಿದಳು, ಆದರೆ ಬೆರಳು ಸುಮ್ಮನಿರಲಿಲ್ಲ. ಮೊಬೈಲು ತೆಗೆದು ಹುನ್ನೂರಿಗೆ ಫೋನು ಹಚ್ಚಿದಳು. "ಸುಸೂತ್ರ ಹಡದಾಳ್ರಿ ನಿಮ್ಮ ಮಗಳು. ಕೂಸು ಗುಂಡಕಲ್ಲಿನಂಗ ಐತಿ," ಅಂದಳು.

ಮನೆಯೊಳಗೆ ಹೊಟ್ಟೆ ಹೊತ್ತ ಹೆಂಡತಿ, ಹೊರಗೆ ಕುಲಾಯಿ ಹೊತ್ತ ಕಲ್ಲು; ಎರಡನ್ನೂ ಓಣಿ ಒಟ್ಟಿಗೆ ನೋಡಬಾರದು. ಭೀಮಶಿ ಗಾಡಿ ತಿರುಗಿಸಿ ಗೂಳಪ್ಪನ ಅಂಗಡಿಗೇ ಓಡಬೇಕು ಅಂದುಕೊಂಡ. ಆದರೆ ದುರಗೇಶ ಗಾಡಿಯ ಚಾವಿ ಕಿತ್ತುಕೊಂಡು, ಪೇಢೆ ಕೊಟ್ಟರೇನೇ ಚಾವಿ ಅಂದ. ತೊಟ್ಟಿಲಿಗೆ ಕಾವಲು ತಾವಿದ್ದೇವೆ, ಮೂಲೆಯ ಅಂಗಡಿಗೆ ನಡೆದೇ ಹೋಗಿ ಬಾ ಅಂತ ನಾಲ್ಕು ಜನ ಅವನನ್ನು ನೂಕಿದರು. ಉಮಾಶ್ರೀ ಲುಂಗಿ ಹರಿದು ಉಳಿಸಿದ್ದೆಲ್ಲ ಒಂದು ಕಿಲೋ ಪೇಢೆಯಾಗಿ ಡಬ್ಬಿಯಲ್ಲಿ ಕೂತಿತು.

ಅವನು ಪೇಢೆ ತೂಗಿಸುತ್ತಿದ್ದಾಗ, ಬಾಣಂತಿ ಬರುವುದರೊಳಗೆ ಕೋಣೆ ಕಸ ಹೊಡೆದಿಡೋಣ ಅಂತ ಭಾಗವ್ವ ಅವನ ಮನೆಗೆ ನುಗ್ಗಿದಳು. ಒಳಗೆ ಉಮಾಶ್ರೀ ಬಾತ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿದ್ದಳು. ಭಾಗವ್ವ ಅವಳ ಹೊಟ್ಟೆ ನೋಡಿದಳು, ಬಾಗಿಲಿಗೆ ಬಂದು ತೊಟ್ಟಿಲು ನೋಡಿದಳು, ತಿರುಗಿ ಬಂದು ಮತ್ತೆ ಹೊಟ್ಟೆ ನೋಡಿದಳು.

"ನಿನ್ನ ಗಂಡಾ ಒಂದ ಕೂಸು ತಂದಾನ," ಅಂದಳು.

"ಯಾರ ಕೂಸು?"

"ಅದನ್ನ ನಾನೂ ಕೇಳಾಕತ್ತೇನಿ."

ಮಗ್ಗ ನಡೆದಿದ್ದರೆ ಈ ಮಾತು ಆ ಕೋಣೆಯಲ್ಲೇ ಸಾಯುತ್ತಿತ್ತು. ಆ ಮೌನದಲ್ಲಿ ಓಣಿಯ ಕೊನೆಯ ಮನೆಗೂ ಅದು ಕೇಳಿಸಿತು. ಭೀಮಶಿ ಡಬ್ಬಿ ಹಿಡಿದು ಬಂದಾಗ ಯಾರೂ ಪೇಢೆಗೆ ಕೈ ಚಾಚಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಬಚ್ಚಲಿನ ಸ್ಲಿಪ್ಪರು ಹಾಕಿಕೊಂಡವನಿಗೆ ಇನ್ನೊಬ್ಬಳು ಎಲ್ಲಿಂದ ಸಿಕ್ಕಳು ಅನ್ನುವ ಹಾಗೆ. ಉಮಾಶ್ರೀ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

"ತೊಟ್ಟಿಲಾ ತಾ ಅಂದ್ರ ತುಂಬಿಸಿಕೊಂಡ ಬಂದ್ರೇನ್ರಿ?"

ಅದೇ ಹೊತ್ತಿಗೆ ಸೋಮವ್ವ ಬೀರಪ್ಪನ ಭಂಡಾರದ, ಅಂದರೆ ಗುಡಿಯ ಅರಿಶಿನದ, ಪೊಟ್ಟಣ ಹಿಡಿದು ಓಣಿಗೆ ಬಂದಳು. ಜನ ಸರಿದು ದಾರಿ ಕೊಟ್ಟರು. ಅವಳು ಯಾರನ್ನೂ ಏನೂ ಕೇಳಲಿಲ್ಲ, ನೇರ ಹೋಗಿ ಕುಲಾಯಿ ಎತ್ತಿದಳು. ಕಪ್ಪು ಕಲ್ಲು ಬಿಸಿಲಿಗೆ ಮಿನುಗಿತು.

"ಅವ್ವಾ, ತಪ್ಪಾತು," ಅಂದ ಭೀಮಶಿ. "ಖಾಲಿ ತೊಟ್ಟಿಲಾ ತರಬಾರದಂತ ಕಲ್ಲ ಇಟ್ಟೇನಿ."

"ಖಾಲಿ ತೂಗಿಲ್ಲಲ್ಲ?"

"ಗೂಳಪ್ಪನ ಅಂಗಡಿತನ ತೂಗೇತಿ. ಹನ್ನೊಂದ ಸಲ." ಹೇಳುತ್ತಾ ಅವನಿಗೆ ಅಳು ಬಂತು. "ಏನೂ ಆಗಂಗಿಲ್ಲಲ್ಲವ್ವಾ?"

ಸೋಮವ್ವ ಮಗನ ಮುಖ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡಳು. ಪೊಟ್ಟಣ ಬಿಚ್ಚಿ ತೊಟ್ಟಿಲಿಗೆ, ಕಲ್ಲಿಗೆ, ಸೊಸೆಯ ಹೊಟ್ಟೆಗೆ, ಕೊನೆಗೆ ಭೀಮಶಿಯ ಹಣೆಗೆ ಭಂಡಾರ ಹಚ್ಚಿದಳು. "ಕಲ್ಲ ಮಲಗೇತಿ, ದೋಷ ಹೋತು. ಹಡಿಯೂತನ ಇದನ್ನ ತಗೀಬ್ಯಾಡ್ರಿ," ಅಂದಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಭೀಮಶಿ ಅಲ್ಲೇ ಕಟ್ಟೆಯ ಮೇಲೆ ಕುಸಿದ.

ಓಣಿ ಹೊಟ್ಟೆ ಹಿಡಿದು ನಕ್ಕಿತು, ಪೇಢೆಯನ್ನೂ ತಿಂದಿತು. ನಗದವಳು ಭಾಗವ್ವ ಒಬ್ಬಳೇ. ಹುನ್ನೂರಿಗೆ ಫೋನು ಮಾಡಿ ಕಲ್ಲಿನ ಜನನ ಸಾರಿದವಳು ಅವಳು; ಅದು ಸುಳ್ಳು ಅಂತ ತಿರುಗಿ ಫೋನು ಹಚ್ಚುವುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. "ಇನ್ನ ಈ ಮನಿ ಮಂದಿ ಏನ ಅಂದ್ರೂ ನಾ ನಂಬಿದ್ರ ಕೇಳ್ರಿ," ಅಂತ ಎರಡು ಪೇಢೆ ಹೆಚ್ಚಿಗೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ಸಂಜೆ ಓಣಿಯ ಬಾಯಿಗೆ ಒಂದು ಬಾಡಿಗೆ ಟೆಂಪೋ ಬಂದು ನಿಂತಿತು. ಅದರಿಂದ ಹೊಸ ರುಮಾಲು ಸುತ್ತಿದ ಅಮಸಿದ್ದಪ್ಪ, ಉಮಾಶ್ರೀಯ ಅಪ್ಪ, ಇಳಿದ. ಅವನ ಹಿಂದೆ ಇಳಿದದ್ದು ಒಂದು ತೊಟ್ಟಿಲು. ಸುತ್ತಲೂ ಗಿಳಿ ಕೆತ್ತಿ, ಹಿತ್ತಾಳೆ ಸರಪಳಿ ಹಚ್ಚಿ, ಹೂವಿನ ಮಾಲೆ ಹಾಕಿದ್ದರು. ಇಳಿಸಿದ ಮೇಲೂ ಅದು ಸ್ವಲ್ಪ ಹೊತ್ತು ತೂಗುತ್ತಲೇ ಇತ್ತು. ಟೆಂಪೋದವ ಬಾಡಿಗೆ ಎಣಿಸಿಕೊಂಡು ಹೊರಟುಹೋದ.

"ಎಲ್ಲಿ ನನ್ನ ಮೊಮ್ಮಗಾ?" ಅಂದ ಅಮಸಿದ್ದಪ್ಪ.

ಉಮಾಶ್ರೀ ಮೆಲ್ಲಗೆ ಹೊಸಿಲಿಗೆ ಬಂದು ನಿಂತಳು. ಅಪ್ಪ ಮಗಳ ಹೊಟ್ಟೆ ನೋಡಿ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಪ್ಪಾ," ಅಂದಳು ಉಮಾಶ್ರೀ, "ಇದಕ್ಕ ರೊಕ್ಕಾ ಎಲ್ಲಿಂದ ತಂದಿ?"

"ಡಾಕ್ಟರಿಗಂತ ಇಟ್ಟಿದ್ನಲ್ಲವಾ. ಸುಸೂತ್ರ ಹಡದಾಳಂತ ಫೋನ ಬಂತು. ಹಡದ ಮ್ಯಾಲ ಡಾಕ್ಟರಿಗೆ ಯಾಕ ಕೊಡಬೇಕು, ಮೊಮ್ಮಗನ ತೊಟ್ಟಿಲಕ್ಕರೆ ಆಗಲಿ ಅಂತ ಎಲ್ಲಾ ಬಡಿಗ್ಯಾಗ ಕೊಟ್ಟ ಬಂದೆ."

"ತಿರಗಿ ತಗೋತಾನೇನ್ರಿ?" ಅಂದ ಭೀಮಶಿ.

"ಒಯ್ದ ತೊಟ್ಟಿಲಾ ತಿರಗಿ ಬಂದ್ರ ಕೂಸಿಗೆ ಛಲೋ ಅಲ್ಲಂತ. ತಗೊಳ್ಳಂಗಿಲ್ಲ ಅಂತ ಮೊದಲ ಹೇಳ್ಯಾನ."

ಸೋಮವ್ವ ಮಾತ್ರ ರೊಕ್ಕದ ಮಾತು ಕೇಳಿಸಿಕೊಂಡಿರಲಿಲ್ಲ. ಅವಳು ಹೊಸ ತೊಟ್ಟಿಲನ್ನೇ ನೋಡುತ್ತಿದ್ದಳು. ಹುನ್ನೂರಿನಿಂದ ಬನಹಟ್ಟಿಯವರೆಗೆ ಅದು ಖಾಲಿಯಾಗಿ ಎಷ್ಟು ಸಲ ತೂಗಿತೋ ಎಣಿಸಿದವರು ಯಾರೂ ಇರಲಿಲ್ಲ. ಪೊಟ್ಟಣದಲ್ಲಿ ಭಂಡಾರವೂ ಉಳಿದಿರಲಿಲ್ಲ. ಭೀಮಶಿಗೆ ಬೆಳಗಿನ ಹೆದರಿಕೆ ದುಪ್ಪಟ್ಟಾಯಿತು.

"ಡಾಕ್ಟರಮ್ಮಗ ಈ ತೊಟ್ಟಿಲಾನ ಒಯ್ದ ಕೊಟ್ಟಬರೂನ ತಗೋರಿ," ಅಂತ ಉಮಾಶ್ರೀ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಅವಳು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ರೀ."

"ಹೂಂ?"

"ನೋವು ಬಂದೂವು."

ಅದೇ ಗಳಿಗೆಗೆ ಕರೆಂಟು ಬಂತು. ಮನೆಮನೆಯ ಮಗ್ಗಗಳು ಒಟ್ಟಿಗೇ ಖಟಾಖಟ್ ಬಡಿಯತೊಡಗಿದವು. ಇಡೀ ದಿನದ ಕೂಲಿ ಹೋಗಿದ್ದ ಓಣಿ ಒಂದೇ ಉಸಿರಿಗೆ ಒಳಗೆ ಓಡಿತು. ಭೀಮಶಿ ಭಾಗವ್ವನ ಮನೆಗೆ ಹಾರಿದ. ಹೊರಗೆ ಕಾರು ನಿಂತಿತ್ತು. ಒಳಗೆ ಅವಳು ಮಗ್ಗದ ಮೇಲೆ ಬಾಗಿ ಕಡಿದ ಎಳೆ ಕಟ್ಟುತ್ತಿದ್ದಳು. ಬೆಳಗಿನಿಂದ ಪಿಸುಗುಟ್ಟಿದ್ದೆಲ್ಲ ಊರಿಗೆ ಕೇಳಿಸಿತ್ತು, ಈಗ ಅವನು ಗಂಟಲು ಹರಿಯುವಂತೆ ಮೂರು ಸಲ ಕೂಗಬೇಕಾಯಿತು.

"ನೋವು ಹತ್ಯಾವ್ರೀ. ಖರೇನ ಹಡೀತಾಳ. ಕಾರಿನ ಚಾವಿ ಕೊಡ್ರಿ."

ಭಾಗವ್ವ ಎಳೆಯಿಂದ ತಲೆ ಎತ್ತಲಿಲ್ಲ.

"ಗೊತ್ತಾತ ಹೋಗಪಾ," ಅಂದಳು. "ಈ ಸಲ ಬೀಸೂಕಲ್ಲ ಇರಬೇಕು."